ಅಲುಗದವರ ಮನೆ

ತುಟಿಗೆ ಮುಟ್ಟುವ ಮೊದಲೇ ಮಾವನ ಕೈಯಲ್ಲಿ ಕಪ್ಪು ನಡುಗಿ, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಬೆಳಗಿನಿಂದ ಇದು ಎರಡನೆಯ ಅಂಗಿ. ಸೊಸೆ ರೊಸಾಲಿಯಾ ಒಗೆಯಬೇಕಾದ ಬಟ್ಟೆಯ ರಾಶಿಯತ್ತ ಒಮ್ಮೆ ನೋಡಿ, ಅಂಗಿ ಒರೆಸಿದಳು.

"ನಾನು ಕುಡಿಸ್ಲಾ, ಮಾವ?"

"ನಾನೇನು ಕೂಸಾ? ದಿಮಯೂಗ ಕಣಮ್ಮ ನಾನು."

"ತಾತ, ದಿಮಯೂಗ ಅಂದ್ರೇನು?" ಮೊಮ್ಮಗಳು ತಾಲಾ ಕೇಳಿದಳು. "ಕ್ಲಾಸಲ್ಲಿ ಈ ಮನೆತನದ ಹೆಸರು ನಂಗೊಬ್ಬಳಿಗೇ ಇರೋದು. ಟೀಚರ್ ಕೇಳ್ಕೊಂಡು ಬಾ ಅಂದ್ರು."

"ಅಲುಗಾಡಿಸೋಕೆ ಆಗದೋರು ಅಂತ. ಸ್ಪೇನಿನೋರು ನಮ್ಮನ್ನ ಆಳ್ತಿದ್ದಾಗ ಅವರ ಸಿಪಾಯಿಗಳು ಎಳೆದ್ರೂ ನಮ್ಮ ಮುತ್ತಾತ ಗದ್ದೆ ಬಿಟ್ಟು ಕದಲಲಿಲ್ವಂತೆ."

ತಾಲಾ ಅವರ ಕೈಯನ್ನೇ ನೋಡುತ್ತಿದ್ದಳು. ಮುದುಕರು ಕೈಯನ್ನು ಮೇಜಿನ ಕೆಳಗೆ ಅಡಗಿಸಿದರು. "ನಾಳೆಯಿಂದ ನಂಗೆ ಕಾಫಿ ಬೇಡ."

ಸಮಾಧಾನ ಹೇಳುವಷ್ಟು ತ್ರಾಣ ರೊಸಾಲಿಯಾಳಿಗೆ ಇರಲಿಲ್ಲ. ಮೂರು ಬಟ್ಟಲಿಗೆ ತಂಗಳನ್ನ ಹಾಕಿ, ತಮ್ಮ ಬತಂಗಾಸ್ ಸೀಮೆಯಲ್ಲಿ ಮಕ್ಕಳಿಗೆ ಕೊಡುವ ಹಾಗೆ ಮೇಲೆ ಕಾಫಿ ಸುರಿದು, ಸಕ್ಕರೆ ಉದುರಿಸಿದಳು. ಒಂದನ್ನು ಮಾವನ ಮುಂದಿಟ್ಟು, ಒಂದನ್ನು ಮಗಳಿಗೆ ಕೊಟ್ಟು, ಮೂರನೆಯದನ್ನು ತಾನು ಹಿಡಿದು ಕುಳಿತಳು.

ಚಮಚ ನಡುಗಿತು. ಅನ್ನ ಹೀರಿಕೊಂಡ ಕಾಫಿ ಚೆಲ್ಲಲಿಲ್ಲ.

ಬಟ್ಟಲು ಬರಿದಾದ ಮೇಲೆ ಮುದುಕರು ಮೊಮ್ಮಗಳಿಗೆ ಹೇಳಿದರು: "ಟೀಚರ್‌ಗೆ ಹೇಳು, ನಮ್ಮನೇಲಿ ಈಗ ಆ ಹೆಸರಿಗೆ ತಕ್ಕೋಳು ಒಬ್ಬಳೇ. ಅದೂ ಹೊರಗಿಂದ ಬಂದ ಸೊಸೆ."