ಗಾಜಿನಾಚೆ

ಬಾಣಂತಿ ರಂಗಲಕ್ಷ್ಮಿ ಹಿತ್ತಲಲ್ಲಿ ನಾಲ್ಕು ಬಟ್ಟೆ ಒಗೆದು ಹರವಿ ಒಳಗೆ ಬರುವಷ್ಟರಲ್ಲಿ, ಚಾಪೆಯ ಮೇಲೆ ಮಲಗಿಸಿದ್ದ ಇಪ್ಪತ್ತು ದಿನದ ಗಂಡುಕೂಸು ಕಾಣೆಯಾಗಿತ್ತು. ದುಪ್ಪಟಿ ಇದೆ, ಕುಲಾವಿ ಇದೆ, ಕೂಸಿಲ್ಲ! ಗಂಡ ಶಿವಮೂರ್ತಿ ಹಿರೇಹಳ್ಳಿಯ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋಗಿದ್ದ. ಮನೆಯಲ್ಲಿದ್ದವಳು ಆರು ವರ್ಷದ ಮಗಳು ತನುಶ್ರೀ ಒಬ್ಬಳೇ.

"ತನೂ, ಪಾಪು ಎಲ್ಲೇ?"

ತನು ನಡುಮನೆಯಲ್ಲಿ ಶೋಕೇಸಿನ ಮುಂದೆ ನಿಂತಿದ್ದಳು. ಅದರೊಳಗಿದ್ದ ಗೊಂಬೆ, ಕಪ್ಪು, ಸಾಸರುಗಳೆಲ್ಲ ನೆಲಕ್ಕಿಳಿದಿದ್ದವು. ಹುಡುಗಿ ದಿಂಬು ಹರಿದು, ಅದರ ಹತ್ತಿಯನ್ನು ಕೆಳಗಿನ ಖಾನೆಗೆ ಹಾಸಿ, ತಮ್ಮನನ್ನು ಬರಿಮೈಯಲ್ಲಿ ಮಲಗಿಸಿ ಗಾಜಿನ ಬಾಗಿಲು ಎಳೆದಿದ್ದಳು. ಕೂಸು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ಸದ್ದು ಮಾತ್ರ ಎಲ್ಲೋ ದೂರದಿಂದ ಬಂದಂತೆ ಸಣ್ಣಗೆ ಕೇಳುತ್ತಿತ್ತು.

ರಂಗಲಕ್ಷ್ಮಿ ಕೈ ಚಾಚಿದರೆ ಹುಡುಗಿ ಅಡ್ಡ ನಿಂತಳು. "ಮುಟ್ಬಾರ್ದಮ್ಮ. ಇಲ್ಲಿಂದ್ಲೇ ನೋಡ್ಬೇಕು."

"ಬುಡೇ ಆಚೆ! ಉಸ್ರು ಕಟ್ಟೋಗುತ್ತೆ ಮಗೀಗೆ!"

ಅವಳನ್ನು ನೂಕಿ, ಗಾಜು ಸರಿಸಿ, ಕೂಸನ್ನು ಎದೆಗವಚಿಕೊಂಡಳು. ಸದ್ಯ, ಏನೂ ಆಗಿರಲಿಲ್ಲ.

ಈ ಹುಡುಗಿಯದು ಮೊದಲಿನಿಂದಲೂ ಹೀಗೇ. ತೊಂಬತ್ತೇಳನೇ ಇಸವಿಯಲ್ಲಿ ಏಳು ತಿಂಗಳಿಗೇ ಹುಟ್ಟಿ, ತುಮಕೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ನಲವತ್ತು ದಿನ ಇದ್ದವಳು. ಬಿದ್ದರೆ ಅಳುತ್ತಿರಲಿಲ್ಲ, ತೊಡೆಯೇರಿ ಕೂರುತ್ತಿರಲಿಲ್ಲ, ತಬ್ಬಿಕೊಂಡರೆ ಕೊರಡಿನಂತೆ ಬಿಗಿಯುತ್ತಿದ್ದಳು. "ದಿನ ತುಂಬದೆ ಹುಟ್ಟಿದ ಕೆಲವು ಮಕ್ಕಳು ಹೀಗಿರ್ತಾವೆ. ಹತ್ರ ಇಟ್ಕೊಳ್ಳಿ, ಸರಿಹೋಗ್ತಾಳೆ" ಎಂದಿದ್ದರು ಡಾಕ್ಟರು. ಇಟ್ಟುಕೊಳ್ಳೋಣ ಎಂದರೆ ಅವಳು ಹತ್ತಿರ ಬರಬೇಕಲ್ಲ! ಒಂದು ಸಲವಾದರೂ ತಾನಾಗಿ ಓಡಿಬಂದು ಕೊರಳಿಗೆ ಬೀಳಲಿ ಎಂದು ಕಾದು ಕಾದು ರಂಗಲಕ್ಷ್ಮಿಯ ಕರುಳು ಬೆಂದುಹೋಗಿತ್ತು. ಆ ಪೆಟ್ಟಿಗೆಯ ವಿಷಯ ಮಾತ್ರ ಯಾರೂ ಮಗುವಿನ ಕಿವಿಗೆ ಹಾಕಿರಲಿಲ್ಲ.

"ಗಾಜಿನೊಳಗೆ ಇಡು ಅಂತ ಯಾರೇ ಹೇಳ್ಕೊಟ್ರು ನಿಂಗೆ?"

ತನು ಶೋಕೇಸಿನ ಕಡೆ ನೋಡುತ್ತಾ, ಗಂಟಲು ಒಡೆದ ಮುದುಕಿಯ ದನಿಯಲ್ಲಿ ರಾಗ ಎಳೆದಳು: "ಹಚ್ಕಬ್ಯಾಡ ಕಣೇ ರಂಗಿ. ಉಳಿಯೋ ಕೂಸಲ್ಲ ಇದು. ನಡಿ, ಊರ್ಗೆ ಹೋಗಾಣ."

ರಂಗಲಕ್ಷ್ಮಿ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಅವಳನ್ನು ರಂಗಿ ಎಂದು ಕರೆಯುತ್ತಿದ್ದವಳು ಒಬ್ಬಳೇ, ತವರೂರು ಗುಬ್ಬಿಯ ಅವ್ವ ಹನುಮಂತಮ್ಮ. ಆ ಪೆಟ್ಟಿಗೆಯ ಮುಂದೆ ನಿಂತು ಈ ಮಾತು ಆಡಿದ್ದೂ ಅವ್ವನೇ, ಒಂದೇ ಒಂದು ಸಲ. ಅಲ್ಲಿ ಮೂರನೆಯ ನರಪಿಳ್ಳೆ ಇರಲಿಲ್ಲ. ತನುವಿಗೆ ವರ್ಷ ತುಂಬುವ ಮುಂಚೆಯೇ ಅವ್ವ ತೀರಿಕೊಂಡಿದ್ದಳು. ಆ ಮಾತು ಕೇಳಿ ತಾನು ಗುಬ್ಬಿಯ ಬಸ್ಸು ಹತ್ತಿದ್ದನ್ನು, ನಾಲ್ಕು ದಿನ ಮಗುವಿನ ಕಡೆ ತಲೆ ಹಾಕದೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ರಂಗಲಕ್ಷ್ಮಿ ಈವರೆಗೆ ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ತನು ಖಾಲಿ ಖಾನೆಯ ಗಾಜನ್ನು ಮೆಲ್ಲಗೆ ಎಳೆದು ಮುಚ್ಚಿದಳು. ಅಮ್ಮನ ತೋಳಲ್ಲಿದ್ದ ತಮ್ಮನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದಳು. ಆಮೇಲೆ ಹೆಬ್ಬೆರಳು ಮಡಚಿ, ಉಳಿದ ನಾಲ್ಕು ಬೆರಳು ಎತ್ತಿ ಹಿಡಿದಳು.

"ಅಮ್ಮ, ಇವನ ಹತ್ರಾನೂ ಇಷ್ಟು ದಿನ ಬರಲ್ವಾ ನೀನು?"