ಕಣದಲ್ಲಿ ಉಳಿದವಳು

ಬಾಗಿಲು ಬಡಿದ ರೀತಿಯಲ್ಲೇ ನರ್ಸಮ್ಮನಿಗೆ ಗೊತ್ತಾಯಿತು, ಬಂದವರು ಇಂಜೆಕ್ಷನ್‌ಗೆ ಬಂದವರಲ್ಲ.

ಇಬ್ಬರಿದ್ದರು, ಶಾಸಕರ ಕಡೆಯವರು. ಒಬ್ಬ ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತ. ಇನ್ನೊಬ್ಬ ಬಾಗಿಲಿಗೆ ಅಡ್ಡ ನಿಂತ.

“ಇವತ್ತು ಕೊನೇ ದಿನ. ಮಧ್ಯಾಹ್ನ ಮೂರು ಗಂಟೆಯೊಳಗೆ ನಾಮಪತ್ರ ವಾಪಸ್ ತಗೊಳ್ಳಿ ಮೇಡಂ.”

“ತಗೊಳ್ಳದಿದ್ರೆ?”

“ನಿಮ್ಮ ಯಜಮಾನ್ರದ್ದು ಬಟ್ಟೆ ಅಂಗಡಿ ಅಲ್ವಾ? ಬಟ್ಟೆಗೆ ಒಂದು ಕಿಡಿ ಸಾಕು.”

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಗಂಡನ ಕೈ ನಿಂತಿತು.

ತಮಾಷೆಯೆಂದರೆ, ಆ ಬೆಳಿಗ್ಗೆ ಆಕೆ ಹಿಂದೆ ಸರಿಯಲು ಮನಸ್ಸು ಮಾಡಿಯಾಗಿತ್ತು. ಸರ್ಕಾರಿ ಆಸ್ಪತ್ರೆ ಕೆಡವಿ ಆ ಜಾಗದಲ್ಲಿ ಮಾಲ್ ಕಟ್ಟಿಸಲು ಶಾಸಕರು ಹೊರಟಿದ್ದರು. ಅರ್ಧ ಊರಿಗೆ ಅಲ್ಲಿ ಹೆರಿಗೆ ಮಾಡಿಸಿ ನಿವೃತ್ತಳಾದವಳು ಸುಮ್ಮನಿರಲಾಗದೆ ಪಕ್ಷೇತರಳಾಗಿ ನಿಂತಿದ್ದಳು. ಅದೇ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಡಾಕ್ಟರು ವಿರೋಧ ಪಕ್ಷದ ಅಭ್ಯರ್ಥಿ. “ಅಕ್ಕಾ, ನಿಮಗೂ ನನಗೂ ಬೀಳೋದು ಅದೇ ಮನೆಗಳ ಓಟು. ಹಂಚಿಹೋದ್ರೆ ಇಬ್ರೂ ಕೆಟ್ವಿ,” ಎಂದು ಹಿಂದಿನ ದಿನ ಫೋನಿನಲ್ಲಿ ಬೇಡಿಕೊಂಡಿದ್ದರು.

ಆಕೆಗೂ ಅದು ಸರಿ ಎನಿಸಿತ್ತು. ಟೀ ಕುಡಿಯುವಾಗ ಗಂಡನಿಗೆ ಹೇಳಿದ್ದಳು. “ನಿನ್ನಿಷ್ಟ” ಎಂದು ಆತ ಹಾಲು ತರಲು ಹೋಗಿ ಬರಿಗೈಯಲ್ಲಿ ಬಂದಿದ್ದ. ಹಾಲು ಖಾಲಿಯಾಗಿತ್ತಂತೆ.

ಈಗ ಎಲ್ಲ ತಲೆಕೆಳಗಾಯಿತು. ಶಾಸಕರು ಹೆದರಿದ್ದು ಡಾಕ್ಟರಿಗಲ್ಲ, ತನಗೆ! ಇಲ್ಲದಿದ್ದರೆ ಈ ದಾಂಡಿಗರು ಇಲ್ಲಿಗೇಕೆ ಬರಬೇಕು?

“ನಿಮ್ಮ ಸಾಹೇಬ್ರಿಗೆ ಹೇಳಿ,” ಆಕೆ ಎದ್ದು ನಿಂತಳು. “ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರೆ. ನಾನು ಬಗ್ಗಲ್ಲ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟರು. ಎದುರು ರಸ್ತೆಯಲ್ಲಿ ನಂಬರಿಲ್ಲದ ಕಾರಿನೊಳಗೆ ಕೂತರು. ಕಾರು ಮಾತ್ರ ಕದಲಲಿಲ್ಲ.

“ಬೇಡ ಕಣೇ,” ಗಂಡನ ಧ್ವನಿ ನಡುಗುತ್ತಿತ್ತು. “ಜೀವ ಇದ್ರೆ ತಾನೇ ಆಸ್ಪತ್ರೆ? ನನ್ನ ಮಾತು ಕೇಳು, ವಾಪಸ್ ತಗೊಂಡುಬಿಡು.”

ಬೇಡ ಎಂದಷ್ಟೂ ಬೇಕು ಎನ್ನುವ ಹೆಂಗಸು ಆಕೆ. ಈತನನ್ನು ಮದುವೆಯಾದದ್ದೂ ಮನೆಮಂದಿಯೆಲ್ಲ ಬೇಡ ಎಂದದ್ದಕ್ಕೇ. ಬಾಗಿಲಿಗೆ ಚಿಲಕ ಹಾಕಿ ಗಡಿಯಾರದ ಎದುರು ಕೂತಳು. ರಸ್ತೆಯಲ್ಲಿ ಬೈಕು ನಿಂತರೂ ಬೆಚ್ಚುತ್ತಿದ್ದಳು.

ಡಾಕ್ಟರ ಫೋನು ಮತ್ತೆ ಬಂತು. “ಅಕ್ಕಾ, ಇನ್ನೂ ಹೊರಟಿಲ್ವಾ? ದಯವಿಟ್ಟು...”

“ನಿಮ್ಮನ್ನೂ ಹೆದರಿಸಿದ್ರಾ ಡಾಕ್ಟ್ರೇ? ಪಾಪ,” ಎಂದು ಆಕೆ ಫೋನ್ ಇಟ್ಟುಬಿಟ್ಟಳು.

ಮೂರು ಹೊಡೆಯಿತು. ಯಾರೂ ಕಲ್ಲೆಸೆಯಲಿಲ್ಲ, ಬೆಂಕಿ ಹಚ್ಚಲಿಲ್ಲ. ಕಾರು ಸದ್ದಿಲ್ಲದೆ ಹೊರಟುಹೋಯಿತು. ಆಕೆಗೆ ಅಳುವೇ ಬಂತು. ಕಣ್ಣೊರೆಸಿಕೊಂಡು, ತಾನು ಕಣದಲ್ಲಿ ಉಳಿದ ಸುದ್ದಿ ಹೇಳಲು ಹೆರಿಗೆ ವಾರ್ಡಿನತ್ತ ನಡೆದಳು.

ಆಕೆ ತಿರುವು ದಾಟುವವರೆಗೂ ಕಿಟಕಿಯಲ್ಲಿ ನಿಂತಿದ್ದ ಗಂಡ ಫೋನ್ ತೆಗೆದ. “ಕೆಲಸ ಆಯ್ತು ಶಾಸಕ್ರೇ. ಡಾಕ್ಟ್ರ ಓಟು ಇನ್ನು ಒಡೆದ ಹಾಗೇ. ಮಾಲ್‌ನಲ್ಲಿ ನನ್ನ ಅಂಗಡಿ ಮಾತ್ರ ಮುಂದಿನ ಸಾಲಲ್ಲೇ ಇರಲಿ.”