ಮದುವೆಗೆ ಅಕರುಸಾ ಬೇಕು

ಒಗೆಯಲು ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಚೀಟಿಯೊಂದು ಸಿಕ್ಕಿತು. ಗಂಡನ ಕೈಬರಹ. ಜಾಕಿಯಾ ಎರಡು ಸಲ ಓದಿದಳು.

‘ಮದುವೆಗೆ ಅಕರುಸಾ ಬೇಕೇ ಬೇಕು. ಇಲ್ಲದಿದ್ದರೆ ಮಾನ ಹೋಗುತ್ತೆ.’

ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಗಂಡನ ಜೇಬಿನಲ್ಲಿ ಇಂಥ ಚೀಟಿ. ಅವಳು ಪ್ಯಾಂಟನ್ನು ಬಕೆಟ್ಟಿನಲ್ಲೇ ಬಿಟ್ಟು ನೆಲದ ಮೇಲೆ ಕುಳಿತಳು.

ಹೆಸರು ಹೊಸದಲ್ಲ. ಮೂರು ತಿಂಗಳಿಂದ ಮನೆಯಲ್ಲಿ ಕೇಳುತ್ತಿತ್ತು. ಬೆಳಗಾದರೆ ಅಕೀಲ್ ಟೆರೇಸಿಗೆ ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ‘ಅಕರುಸಾ... ಅಕರುಸಾ...’ ಎಂದು ಪಿಸುಗುಟ್ಟುತ್ತಿದ್ದ. ಒಮ್ಮೆ ವೈರು ಕಳಚಿದಾಗ ಫೋನಿನಿಂದ ಹೆಂಗಸಿನ ದನಿ ಬಂದಿತ್ತು. ಮೆತ್ತನೆಯ, ತಾಳ್ಮೆಯ ದನಿ. ಭಾಷೆ ಯಾವ ದೇಶದ್ದೋ.

ದೇಶ ಯಾವುದೆಂದು ಜಾಕಿಯಾ ಊಹಿಸಬಲ್ಲಳು. ಎಲ್ಲ ಶುರುವಾದದ್ದು ಆ ಕ್ಯಾಮೆರಾದಿಂದ.

ಮಳವಳ್ಳಿಯಲ್ಲಿ ಅಕೀಲನದು ಫೋಟೋ ಸ್ಟುಡಿಯೊ. ಹೊಸ ಕ್ಯಾಮೆರಾಗೆ ಮಂಡ್ಯದ ಅಂಗಡಿಯವರು ಎರಡು ಲಕ್ಷ ಹತ್ತು ಸಾವಿರ ಹೇಳಿದ್ದರು. ಅದೇ ಕ್ಯಾಮೆರಾ ಜಪಾನಿನಲ್ಲಿ ಒಂದು ಲಕ್ಷ ಅರವತ್ತು. ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಹಲಗೂರಿನ ಶ್ವೇತ ರಜೆಗೆ ಬರುವಾಗ ತಂದುಕೊಟ್ಟಳು.

ಒಂದು ವಾರ ಅಕೀಲ್ ಸ್ಟುಡಿಯೊ ಬಾಗಿಲಲ್ಲಿ ನಿಂತು ಪಾಠ ಮಾಡಿದ. ಜಪಾನಿನ ದುಡ್ಡಿನ ಬೆಲೆ ಬಿದ್ದಿದೆ. ನಮ್ಮಲ್ಲಿ ಆಮದು ಸುಂಕ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಅಂಗಡಿಯವನ ಹೊಟ್ಟೆ.

“ಒಂದೇ ಕಂಪನಿ, ಒಂದೇ ಮಾಲು. ತಲೆ ಇರೋನು ಅಲ್ಲಿಂದ ತರಿಸ್ಕೋತಾನೆ,” ಎನ್ನುತ್ತಿದ್ದ.

ಎದುರು ಸ್ಟುಡಿಯೊದ ನಾಗರಾಜುವಿಗೆ ಹೊಟ್ಟೆ ಉರಿಯಿತು. “ಐವತ್ತು ಸಾವ್ರ ಉಳಿಸ್ಬುಟ್ಟಲ್ಲಲೇ,” ಎಂದು ಶ್ವೇತಳ ನಂಬರು ಇಸಿದುಕೊಂಡು ಹೋದ.

ಎಂಟನೆಯ ದಿನ ಅಕೀಲನ ಪಾಠ ನಿಂತಿತು.

ಸ್ಟುಡಿಯೊಗೆ ಬರುವ ಹೆಂಗಸರ ಫೋಟೋ ತೆಗೆಯುತ್ತಿದ್ದವಳು ಜಾಕಿಯಾ. ಹಳೆಯ ಕ್ಯಾಮೆರಾದ ಒಂದೊಂದು ಬಟನ್ನೂ ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು. ಹೊಸದನ್ನು ಮಾತ್ರ ಅಕೀಲ್ ಮುಟ್ಟಗೊಡಲಿಲ್ಲ. ಯಾರಾದರೂ ಹತ್ತಿರ ಬಂದರೆ ಅದರ ಪರದೆಯನ್ನು ಅಂಗೈಯಿಂದ ಮುಚ್ಚುತ್ತಿದ್ದ. ಅದರೊಳಗೆ ಆ ಅಕರುಸಾಳ ಫೋಟೋ ಇದೆ ಎಂದು ಜಾಕಿಯಾ ತೀರ್ಮಾನಿಸಿದಳು.

ಕೆಲಸದ ಮೇಲೂ ಅವನ ಗಮನವಿರಲಿಲ್ಲ. ಹೊಳಲು ಗ್ರಾಮದಲ್ಲಿ ತೆಗೆದ ಒಂದು ಮದುವೆ ಪೂರ್ತಿ ಕಪ್ಪುಬಿಳುಪಿನಲ್ಲಿ ಬಂತು. “ಈಗ ಫಾರಿನ್ನಲ್ಲಿ ಇದೇ ಸ್ಟೈಲು,” ಎಂದ. ಹುಡುಗಿಯ ತಂದೆ ಗಂಭೀರವಾಗಿ ತಲೆಯಾಡಿಸಿ ಇನ್ನೊಂದು ಆಲ್ಬಂ ಮಾಡಿಸಿಕೊಂಡರು.

ಆಮೇಲೆ ಶುರುವಾದದ್ದು ಮಂಗಳವಾರದ ಮಂಡ್ಯ ಪ್ರಯಾಣ. ಕೇಳಿದರೆ, “ಲ್ಯಾಬಲ್ಲಿ ಕೆಲಸ.” ನಾಗರಾಜುವನ್ನು ವಿಚಾರಿಸೋಣವೆಂದರೆ ಮಂಗಳವಾರ ಅವನ ಸ್ಟುಡಿಯೊಗೂ ಬೀಗ. ಬುಧವಾರ ಕೇಳಿದಾಗ ಅವನು ನೆಲ ನೋಡಿದ.

“ನಂಗೇನ್ ಗೊತ್ತು ಕಣಮ್ಮ. ಅವನ್ ದಾರಿ ಅವಂದು.”

ಜಾಕಿಯಾ ಚೀಟಿಯನ್ನು ಅತ್ತೆಯ ಮುಂದೆ ಓದಿದಳು. ಶರೀಫುನ್ನೀಸಾ ಚೀಟಿಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಜಪಾನಿನೋರು ಖಾರ ತಿನ್ನಲ್ಲವಂತೆ,” ಎಂದರು ಕೊನೆಗೆ. “ಇಬ್ಬರಿಗೂ ಬೇರೆ ಬೇರೆ ಸಾರು ಮಾಡ್ಬೇಕಾಗುತ್ತೆ.”

ಅಂದು ಜಾಕಿಯಾ ಊಟ ಮಾಡಲಿಲ್ಲ. ತವರಿಗೆ ಹೋಗಲು ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿದಳು. ಆಮೇಲೆ, ಹೋಗುವ ಮುಂಚೆ ಆ ಹೆಂಗಸಿನ ಮುಖವನ್ನೊಮ್ಮೆ ನೋಡಿಯೇ ಹೋಗಬೇಕು ಅನ್ನಿಸಿತು.

ಮುಂದಿನ ಮಂಗಳವಾರ ಅಕೀಲ್ ಬಸ್ಸಿನ ಮುಂಬಾಗಿಲಿನಲ್ಲಿ ಹತ್ತಿದ. ಬುರ್ಖಾದ ಜಾಕಿಯಾ ಹಿಂಬಾಗಿಲಿನಲ್ಲಿ ಹತ್ತಿದಳು. ಮಂಡ್ಯದಲ್ಲಿ ಇಳಿದು ಅವನು ಸಿಮೆಂಟ್ ಅಂಗಡಿಯೊಂದರ ಪಕ್ಕದ ಮೆಟ್ಟಿಲು ಹತ್ತಿದ. ಎದೆಗೆ ಕ್ಯಾಮೆರಾ ಬ್ಯಾಗು ಅವುಚಿಕೊಂಡಿದ್ದ. ಅವಳು ಹತ್ತು ಎಣಿಸಿ ಹಿಂದೆಯೇ ಹತ್ತಿದಳು. ಮೇಲಿನ ಬಾಗಿಲು ಅರೆ ತೆರೆದಿತ್ತು. ಒಳಗಿಂದ ಅದೇ ಹೆಂಗಸಿನ ದನಿ.

ಜಾಕಿಯಾ ಬಾಗಿಲು ತಳ್ಳಿದಳು. ತುಂಬಾ ದಿನದಿಂದ ತಯಾರು ಮಾಡಿಕೊಂಡಿದ್ದ ಮಾತುಗಳಲ್ಲಿ ಎರಡೇ ಹೊರಬಂದವು.

“ಯಾರು ಅಕರುಸಾ?”

ಹನ್ನೆರಡು ಗಂಡಸರು ಒಟ್ಟಿಗೆ ತಿರುಗಿದರು. ಹನ್ನೆರಡೂ ಜನರ ತೊಡೆಯ ಮೇಲೆ ಕೂಸಿನಂತೆ ಒಂದೊಂದು ಕ್ಯಾಮೆರಾ. ಬೋರ್ಡಿನ ಪಕ್ಕ ಕೈಯಲ್ಲಿ ಚಾಕ್‌ಪೀಸ್ ಹಿಡಿದಿದ್ದವರು ಹಿಂದೆ ಜಪಾನಿ ಕಾರ್ಖಾನೆಯೊಂದರಲ್ಲಿ ದುಭಾಷಿಯಾಗಿದ್ದ ಮೋಹಿನಿ ಮೇಡಂ. ಅವರ ತಲೆ ಪೂರ್ತಿ ನೆರೆತಿತ್ತು.

“ಅಕರುಸಾ ಅಂದ್ರೆ ಬೆಳಕು,” ಎಂದರು ಹನ್ನೆರಡು ಜನವೂ, ಪಾಠ ಒಪ್ಪಿಸುವಂತೆ.

ಅಕೀಲ್ ತಲೆ ತಗ್ಗಿಸಿ ಎದ್ದು ಬಂದ. ಕ್ಯಾಮೆರಾದ ಪರದೆಯನ್ನು ಮೊದಲ ಸಲ ಅವಳ ಕಡೆಗೆ ತಿರುಗಿಸಿದ. ಮೇಲಿಂದ ಕೆಳಗಿನವರೆಗೆ ಬರೀ ಜಪಾನಿ ಅಕ್ಷರ. ಅದರಲ್ಲಿ ಅಕರುಸಾ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ.

“ಅಲ್ಲಿ ಮಾರೋ ಮಾಲಿಗೆ ಬೇರೆ ಭಾಷೆ ಹಾಕಿರಲ್ಲ ಜಾಕಿ. ಅವರ ಜನಕ್ಕೆ ಮಾತ್ರ ಅಂತಲೇ ಅಲ್ಲಿ ಅಗ್ಗ. ಇಂಗ್ಲಿಷ್ ಮಾಡಿಕೊಡಿ ಅಂದ್ರೆ ಸರ್ವೀಸ್ ಸೆಂಟರಿನವರು ಆಗಲ್ಲ ಅಂದ್ರು. ಅಷ್ಟೊತ್ತಿಗೆ ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೆ.”

ಜಾಕಿಯಾಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಯಾವುದನ್ನು ಮೊದಲು ಹೊರಬಿಡಬೇಕೆಂದು ತಿಳಿಯದೆ ಅವಳು ಗೋಡೆಗೆ ಒರಗಿ ನಿಂತಳು. ಮುಂದಿನ ಬೆಂಚಿನಿಂದ ನಾಗರಾಜು ಸಮಾಧಾನ ಹೇಳಿದ.

“ಫೀಸು, ಬಸ್ ಚಾರ್ಜು ಎಲ್ಲಾ ಕಳದ್ರೂ ಇನ್ನೂ ಎರಡು ಸಾವ್ರ ಲಾಬಾನೇ ಕಣಮ್ಮ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಂಟೊಂಬತ್ತು ಹೆಂಗಸರು ಭಾರದ ಚೀಲ ಹಿಡಿದು ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಮೋಹಿನಿ ಮೇಡಂ ಗಡಿಯಾರ ನೋಡಿಕೊಂಡು ಬೋರ್ಡು ಒರೆಸಿದರು.

“ಕ್ಯಾಮೆರಾದವರು ಏಳಿ. ರೈಸ್ ಕುಕ್ಕರಿನವರು ಬಂದ್ರು.”